ಆಡಿನ ಹೊಟ್ಟೆಯೊಳಗಿನ ಮರ

ಇಲಾರಿಯೊ ಆಡಿನ ಕೊಂಬು ಹಿಡಿದು ಗಂಟಲಿಗೆ ಚೂರಿ ಇಟ್ಟ. ಅಪ್ಪನ ಅಲ್ಗರೋಬೊ ಮರವನ್ನು ಪಿಯುರಾ ಪೇಟೆಗೆ ಇದ್ದಿಲು ಮಾರುವ ಕಳ್ಳರು ಕಡಿದೊಯ್ದಿದ್ದರು. ಬಿತ್ತನೆಗೆಂದು ಉಳಿಸಿಕೊಂಡಿದ್ದ ಆ ಮರದ ಒಂದು ಬುಟ್ಟಿ ಕಾಯನ್ನೂ ಈಗ ಈ ಆಡು ತಿಂದು ಮುಗಿಸಿತ್ತು.

“ಹೊಟ್ಟೆ ಸೀಳಿಯಾದ್ರೂ ಬೀಜ ತೆಗೀತೀನಿ. ಕೈ ಬಿಡೇ!”

ಹೆಂಡತಿ ದೊಮಿತಿಲಾ ಅವನ ಮಣಿಕಟ್ಟು ಬಿಡಲಿಲ್ಲ. “ಮೊನ್ನೆ ಮಡಕೇಲಿ ನೆನೆಹಾಕಿದ್ಯಲ್ಲ, ಒಂದು ಬೀಜ ಆದ್ರೂ ಊದಿತಾ? ಆ ಸಿಪ್ಪೆ ನೀರನ್ನ ಒಳಗೇ ಬಿಡಲ್ಲ. ಇದರ ಹೊಟ್ಟೇಲಿ ಸವೆದು ಹಿಕ್ಕೆ ಜೊತೆ ಬಿದ್ರೇನೇ ಅದು ನೀರು ಕುಡಿಯೋದು.”

“ನಮ್ಮಪ್ಪ ಕೈಯಾರೆ ನೆಟ್ಟಿದ್ದ ಮರ ಕಣೇ ಅದು!”

“ನಿಮ್ಮಪ್ಪ ನೆಟ್ಟಿದ್ದಲ್ಲ. ದೊಡ್ಡಿ ಮೂಲೇಲಿ ಹಿಕ್ಕೆಯಿಂದ ಹುಟ್ಟಿದ್ದು. ಸಾಯೋ ಮುಂಚೆ ನಗ್ತಾ ಅವರೇ ನನಗೆ ಹೇಳಿದ್ರು.”

ಆಡು ಅವನ ಮುಖಕ್ಕೇ ತೇಗಿತು. ಇಲಾರಿಯೊ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿ, ಮೊರ ತಂದು, ಆಡಿನ ಬಾಲದ ಹಿಂದೆ ಕೂತ.