ಕೆಂಪಿಗೂ ಒಂದು ಕೇಕ್

ಗೋಡೆಯ ಮೇಲಿನ ಪರದೆ ಮೊದಲ ಸಲ ಪೂರ್ತಿ ಹಸಿರಾಗಿತ್ತು. ಮಕ್ಕಳಿಗೆ ಎಷ್ಟು ಔಷಧಿ ಕೊಡಬೇಕೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಎಲ್ಲ ಟೆಸ್ಟುಗಳಲ್ಲೂ ಪಾಸಾಗಿದೆ ಎಂದರ್ಥ. ಮ್ಯಾನೇಜರ್ ಕೇಕಿನ ಮುಂದೆ ಚಾಕು ಹಿಡಿದು ನಿಂತರು. ತಂಡದವರು ‘ಅನುಮಾನದಕ್ಕ’ ಎಂದೇ ಕರೆಯುವ ಟೆಸ್ಟರ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

“ಒಂದ್ನಿಮಿಷ ಸಾರ್. ಈ ಟೆಸ್ಟುಗಳು ಕಣ್ಣು ಬಿಟ್ಕೊಂಡು ನೋಡ್ತಿವೆಯೋ, ಇಲ್ಲಾ ನಿದ್ದೆಗಣ್ಣಲ್ಲಿ ಹೂಂಗುಟ್ತಿವೆಯೋ ನೋಡ್ಬಿಡೋಣ” ಎಂದವಳೇ ಸಾಫ್ಟ್‌ವೇರಿನ ಕೋಡ್‌ನಲ್ಲಿ ಒಂದು ಸಾಲನ್ನು ಬೇಕೆಂದೇ ಕೆಡಿಸಿದಳು. ಈಗ ಮಗುವಿಗೆ ದೊಡ್ಡವರ ಪ್ರಮಾಣದ ಔಷಧಿ! ಟೆಸ್ಟುಗಳನ್ನು ಮತ್ತೆ ಓಡಿಸಿದಳು.

“ಅಯ್ಯೋ, ಕೆಂಪು ಬಂದ್ರೆ ದಾಖಲೇಲಿ ಹಾಗೇ ಉಳ್ಕೊಳ್ಳತ್ತೆ ಕಣಮ್ಮ!” ಮ್ಯಾನೇಜರರ ಚಾಕು ಗಾಳಿಯಲ್ಲೇ ನಿಂತಿತು. ಪರದೆಯ ಮೇಲೆ ಹಸಿರು ಸಾಲು ಬಂತು, ಅದರ ಕೆಳಗೆ ಮತ್ತೂ ಹಸಿರು. ಅವಳು ಪರದೆಯತ್ತ ಬಾಗಿದಳು. ಆಗ ಕಟ್ಟಕಡೆಯ ಸಾಲು ಕೆಂಪಗೆ ಮಿನುಗಿತು: ‘ಮಗುವಿಗೆ ಔಷಧಿ ಹೆಚ್ಚಾಗಿದೆ.’

“ಹಿಡೀತು! ಕಳ್ಳನ್ನ ಹಿಡೀತು!” ಎಂದು ಅವಳು ಚಂಗನೆ ಎದ್ದಳು. ಕೆಂಪು ಕಂಡು ಆ ಕೋಣೆ ಶಿಳ್ಳೆ ಹೊಡೆದದ್ದು ಅದೇ ಮೊದಲು. ಮ್ಯಾನೇಜರ್ ಪರದೆಯನ್ನೇ ನೋಡುತ್ತಾ, “ಇದೂ ದಾಖಲೇಲಿರ್ಲಿ” ಎಂದು ಚಾಕುವನ್ನು ಅವಳ ಕೈಗಿತ್ತರು. “ಕೇಕ್ ನೀನೇ ಕತ್ತರಿಸು. ಆದ್ರೆ ಮೊದ್ಲು ನೀನು ಕೆಡಿಸಿದ ಆ ಸಾಲು ಸರಿಮಾಡು, ನನ್ನ ತಾಯಿ!”