ತಗಡಿನ ಮೇಲಿನ ಹೆಸರು

ಕಿಟಕಿಯ ಕೆಳಗೆ ಯಾರೋ ಬೋರ್ಡಿನ ಮೇಲಿನ ತನ್ನ ಹೆಸರನ್ನು ಗಟ್ಟಿಯಾಗಿ ಓದಿದ್ದು ಕೇಳಿ ವಿಮೆ ಏಜೆಂಟಮ್ಮ ಕುರ್ಚಿಯಿಂದ ದಡಕ್ಕನೆ ಎದ್ದಳು. ಟೈಲರ್ ಅಂಗಡಿಯ ಮೇಲಿನ ಈ ರೂಮು ಹಿಡಿದು ತಿಂಗಳಾಗುತ್ತ ಬಂದಿತ್ತು. ಇಲ್ಲಿಯವರೆಗೆ ಮೆಟ್ಟಿಲು ಹತ್ತಿ ಬಂದವರೆಂದರೆ ಕರೆಂಟ್ ಬಿಲ್ಲಿನವನು ಮತ್ತು ಒಂದು ಬೆಕ್ಕು. ಬೆಕ್ಕಾದರೂ ಸ್ವಲ್ಪ ಹೊತ್ತು ಕೂತು ಹೋಗಿತ್ತು.

ಬಗ್ಗಿ ನೋಡಿದಳು. ಹೋದ ಜೀವ ಬಂದಂತಾಯಿತು. ಬೋರ್ಡಿನ ಮುಂದೆ ನಿಂತಿದ್ದವರು ಹಳೇ ಕಂಪನಿಯಲ್ಲಿದ್ದಾಗಿನ ಗಿರಾಕಿ, ಬೇಕರಿ ಅಜ್ಜಿ, ಪಕ್ಕದಲ್ಲಿ ಸೊಸೆ. ಅಜ್ಜಿಯ ಗಂಡ ತೀರಿಕೊಂಡಾಗ ವಿಮೆ ಹಣ ಕೈಸೇರುವವರೆಗೂ ಆಸ್ಪತ್ರೆ, ಬ್ಯಾಂಕು ಎಂದು ಚಪ್ಪಲಿ ಸವೆಸಿದವಳು ಇವಳೇ. ಆದರೆ ಕೂಗಿ ಕರೆಯುವಂತಿಲ್ಲ. ಗಿರಾಕಿಗೆ ಹೊಂದಲಿ ಬಿಡಲಿ, ಒಂದೇ ಕಂಪನಿಯ ಪಾಲಿಸಿ ಮಾರಿ ಮಾರಿ ಬೇಸತ್ತು ಸ್ವಂತಕ್ಕೆ ಹೊರಟಾಗ, ಹಳೇ ಗಿರಾಕಿಗಳನ್ನು ತಾನಾಗಿ ಕರೆಯುವುದಿಲ್ಲವೆಂದು ಕಂಪನಿಯವರು ಸಹಿ ಹಾಕಿಸಿಕೊಂಡಿದ್ದರು. ಅವರಾಗಿ ಬಂದರೆ ಅಡ್ಡಿಯಿಲ್ಲ. "ತಿಂಗಳ ಕೊನೆವರೆಗೂ ನಿಮ್ಮ ಕುರ್ಚಿ ಖಾಲಿ ಇಟ್ಟಿರ್ತೀನಿ. ಯಾರೂ ಬರದಿದ್ರೆ ಸುಮ್ನೆ ವಾಪಸ್ ಬನ್ನಿ" ಎಂದು ಮ್ಯಾನೇಜರು ನಕ್ಕಿದ್ದರು. ಆ ನಗು ನೆನೆದರೆ ಇವಳಿಗೆ ಈಗಲೂ ಮೈ ಉರಿಯುತ್ತಿತ್ತು.

ಕೆಮ್ಮಬಾರದು ಎಂದು ಎಲ್ಲೂ ಬರೆದಿರಲಿಲ್ಲವಲ್ಲ. ಜೋರಾಗಿ ಕೆಮ್ಮಿದಳು. ಅದೇ ಹೊತ್ತಿಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಪಾಲಿಸಿ ಇಲ್ಲೇ ಮಾಡಿಸೋಣ್ವಾ ಅತ್ತೆ? ಎಲ್ಲಾ ಕಂಪನಿದೂ ಸಿಗುತ್ತಂತೆ."

"ಇದ್ಯಾರೋ ಹೊಸಬರು. ಗುರುತಿಲ್ಲದವರ ಸಹವಾಸ ನಮಗ್ಯಾಕೆ? ನಡಿ, ನಮ್ಮ ಕಂಪನಿ ಅಕ್ಕನ ಹತ್ರಾನೇ ಹೋಗೋಣ."

"ಅವರು ಕೆಲಸ ಬಿಟ್ರಂತಲ್ಲ. ಇವರೇ ಅವರಿದ್ರೂ ಇರಬಹುದು. ಅವರ ಹೆಸರೇನು?"

ಅಜ್ಜಿ ಯೋಚಿಸಿದರು. ಮೇಲೆ ಏಜೆಂಟಮ್ಮ ಕಿಟಕಿಯಿಂದ ಇನ್ನಷ್ಟು ಹೊರಗೆ ಬಗ್ಗಿದಳು.

"ಹೆಸರು ಅವರು ಯಾವತ್ತೂ ಹೇಳ್ಲೇ ಇಲ್ವಲ್ಲೇ. ಕಂಪನಿ ಅಕ್ಕ ಅಂದ್ರೆ ಕಂಪನಿ ಅಕ್ಕ, ಅಷ್ಟೇ. ಅಲ್ಲೇ ಹೋಗಿ ಕೇಳಿದ್ರೆ ಎಲ್ಲಿದಾರೆ ಅಂತ ಹೇಳ್ತಾರೆ, ನಡಿ."

ಅಲ್ಲಿಯವರು ಹೇಳುವುದಿಲ್ಲ. ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಪಾಲಿಸಿ ಮಾಡಿಸಿಯೇ ಕಳಿಸುತ್ತಾರೆ. ಇವಳೂ ಹಾಗೇ ಮಾಡುತ್ತಿದ್ದವಳು. ಅತ್ತೆ ಸೊಸೆ ಇಬ್ಬರೂ ರಸ್ತೆ ದಾಟಿ ಹೋದರು.

ಅಜ್ಜಿಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಫೋನ್ ಎತ್ತಿದ ಕೂಡಲೇ ಕಂಪನಿಯ ಹೆಸರು ಹೇಳಬೇಕು, ನಿಮ್ಮ ಹೆಸರು ಕಟ್ಟಿಕೊಂಡು ಯಾರಿಗೇನಾಗಬೇಕು ಎಂಬುದು ಸೇರಿದ ಹೊಸದರಲ್ಲೇ ಕಲಿಸಿದ ಪಾಠ. ಮನೆಯಲ್ಲೂ ಇವಳನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಗಂಡ ಒಬ್ಬರೇ. ಅವರು ಹೋದ ಮೇಲೆ ಉಳಿದದ್ದು ಅಮ್ಮ, ಅತ್ತಿಗೆ, ಮೇಡಂ. ಅದಕ್ಕೇ ಬೋರ್ಡ್ ಬರೆಯುವವನು ಕಂಪನಿ ಹೆಸರೇನೆಂದು ಕೇಳಿದಾಗ, "ನನ್ನ ಹೆಸರು ಬರಿಯಪ್ಪ, ದೊಡ್ಡದಾಗಿ" ಎಂದಿದ್ದಳು. ಕಪ್ಪು ತಗಡು, ಕೆಂಪು ಅಕ್ಷರ. ನೇತುಹಾಕಿದ ದಿನ ಎದುರಿನ ಫುಟ್‌ಪಾತಿನಲ್ಲಿ ನಿಂತು ಎಷ್ಟು ನೋಡಿದರೂ ಸಾಲದಾಗಿತ್ತು. ಈಗ ಅಳು ಬಂತು. ನೋಡುವವರು ಯಾರೂ ಇರಲಿಲ್ಲ, ಅತ್ತಳು.

ಸಂಜೆ ಮುಖ ತೊಳೆದು ಕೆಳಗಿಳಿದಳು. "ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ ಇದ್ರೆ ಕೊಡ್ತೀರಾ?"

"ಯಾಕೆ ಮೇಡಂ, ಬೋರ್ಡ್ ಆಲ್ಟರೇಷನ್ನಾ?" ಟೈಲರ್ ನಕ್ಕ.

"ಹೂಂ. ಸ್ವಲ್ಪ ಉದ್ದ ಬಿಡಬೇಕು."

ಅವನ ಸ್ಟೂಲನ್ನೇ ಎಳೆದುಕೊಂಡು ಹತ್ತಿ, ತನ್ನ ಹೆಸರಿನ ಕೆಳಗಿದ್ದ ಜಾಗದಲ್ಲಿ ಬರೆದಳು: ಕಂಪನಿ ಅಕ್ಕ.

ಟೈಲರ್ ಕತ್ತರಿ ಕೆಳಗಿಟ್ಟು ಹೊರಗೆ ಬಂದ. ಓದಿದ. ಅವಳ ಮುಖ ನೋಡಿದ.

"ಕಂಪನಿ ಅಕ್ಕ ಅಂದ್ರೆ ನೀವೇನಾ? ನಮ್ಮತ್ತೆದೂ ನಿಮ್ಮ ಹತ್ರಾನೇ ಪಾಲಿಸಿ, ನಿಮ್ಮನ್ನ ಎಲ್ಲೆಲ್ಲೋ ಹುಡುಕ್ತಿದಾರೆ. ಒಂದು ತಿಂಗಳಿಂದ ತಲೆ ಮೇಲೇ ಇದೀರ, ಮೊದಲೇ ಹೇಳ್ಬಾರ್ದಾ ಅಕ್ಕ? ನಾಳೆ ಬೆಳಿಗ್ಗೇನೇ ಕರ್ಕೊಂಡು ಬರ್ತೀನಿ."

"ಕರ್ಕೊಂಡು ಬನ್ನಿ," ಎಂದಳು. ಇನ್ನು ಮ್ಯಾನೇಜರ ಮುಂದೆ ಹೋಗಿ ನಿಲ್ಲಬೇಕಾಗಿರಲಿಲ್ಲ. ಸಂತೋಷವಾಗಬೇಕಿತ್ತು.

ರಸ್ತೆ ದಾಟಿ, ಮೊದಲ ದಿನ ನಿಂತಿದ್ದ ಜಾಗದಲ್ಲೇ ನಿಂತು ತಿರುಗಿ ನೋಡಿದಳು. ಕತ್ತಲಾಗುತ್ತಿತ್ತು. ಕಪ್ಪು ತಗಡಿನಲ್ಲಿ ಕೆಂಪು ಅಕ್ಷರಗಳು ಆಗಲೇ ಮುಳುಗಿಹೋಗಿದ್ದವು. ಸೀಮೆಸುಣ್ಣದ್ದು ಮಾತ್ರ ಅಷ್ಟು ದೂರದಿಂದಲೂ ಓದಲು ಬರುತ್ತಿತ್ತು.