ಮಣ್ಣಿನ ತಟ್ಟೆ

ಕಡಲ ಒಕ್ಕೂಟದ ಸಭೆಯಲ್ಲಿ ಪ್ರತಿ ನಾಡಿನವರೂ ತಮ್ಮ ಊರಿನ ಮಣ್ಣು ತುಂಬಿದ ತಟ್ಟೆಯಲ್ಲಿ ಬರಿಗಾಲಿಟ್ಟು ಕೂರಬೇಕು. ಕಾಲೆತ್ತಿದರೆ ಒಪ್ಪಿಗೆ. ಒಬ್ಬರು ಎತ್ತದಿದ್ದರೂ ಕೆಲಸ ನಿಂತಂತೆಯೇ.

ಇವತ್ತು ಆ ನಿಯಮವನ್ನೇ ತೆಗೆದು ಎಲ್ಲವನ್ನೂ ಬಹುಮತಕ್ಕೆ ಬಿಡುವ ಠರಾವು. ಹೊನ್ನಕುದ್ರುವಿನ ಗುಲಾಬಿ ಒಬ್ಬಳನ್ನು ಬಿಟ್ಟು ಎಲ್ಲರೂ ಕಾಲೆತ್ತಿ ಕಾಯುತ್ತಿದ್ದರು. ಅವಳ ದ್ವೀಪ ಮುಳುಗಿ ವರ್ಷಗಳಾಗಿದ್ದವು; ಉಳಿದದ್ದು ಈ ತಟ್ಟೆಯಷ್ಟು ನೆಲ, ಮತ್ತು ಬೇಡವೆನ್ನುವ ಹಕ್ಕು.

"ಗುಲಾಬಕ್ಕ, ನಮ್ಮ ದ್ವೀಪಕ್ಕೆ ಕಡಲ ತಡೆಗೋಡೆ ಬೇಕು ಮಾರಾಯ್ರೆ," ಪಕ್ಕದ ದ್ವೀಪದ ಬಾಬು ಖಾರ್ವಿ ಮೆಲ್ಲಗೆ ಹೇಳಿದ. "ಒಬ್ಬರ ಹಟಕ್ಕೆ ನಮ್ಮದೂ ಮುಳುಗ್ತದೆ."

"ನಮ್ಮ ಗೋಡೆಗೆ ಅವತ್ತು ಕಾಲೆತ್ತದೆ ಕೂತದ್ದು ನೀನೇ ಅಲ್ವಾ?"

ಬಾಬು ತಲೆ ತಗ್ಗಿಸಿದ. ಅವನ ತಟ್ಟೆಯ ಮಣ್ಣಿನಲ್ಲಿ ಆಗಲೇ ಉಪ್ಪುನೀರು ಜಿನುಗುತ್ತಿತ್ತು. ಗುಲಾಬಿ ಅದನ್ನೇ ನೋಡಿದಳು. ಕೊನೆಗೆ ಕಾಲೆತ್ತಿದಳು.

ನಿಯಮ ಹೋಯಿತು. ಜವಾನರು ತಟ್ಟೆಗಳನ್ನೆಲ್ಲ ಒಯ್ದರು. ಉಳಿದವರು ಚಪ್ಪಲಿ ಮೆಟ್ಟಿಕೊಂಡು ಎದ್ದರು. ಗುಲಾಬಿ ಮಾತ್ರ ಕಾಲು ಕೆಳಗಿಡದೆ ಹಾಗೆಯೇ ಕೂತಿದ್ದಳು.